ಸಿಟಿ ಸ್ಕ್ಯಾನ್ ಟೇಬಲ್ ಮೇಲೆ ಅಪ್ಪನ ಆಪೂಸು

ಧಾರವಾಡದ ಹತ್ತಿರ ನಮ್ಮ ತೋಟ, ಪೂರ್ತಿ ಆಪೂಸು ಮಾವು. ಹೋದ ವರ್ಷ ಮೇ ತಿಂಗಳಲ್ಲಿ, ಪ್ರತಿ ವರ್ಷ ನಮ್ಮಲ್ಲೇ ಹಣ್ಣು ಒಯ್ಯುವವರೊಬ್ಬರು ಬಾಕ್ಸ್ ವಾಪಸ್ ತಂದು ಕಟ್ಟೆಯ ಮೇಲಿಟ್ಟರು. ಹೆಚ್ಚಿದ ಹಣ್ಣಿನಲ್ಲಿ ಓಟೆ ಸುತ್ತಲಿನ ತಿರುಳು ಬಿಳಿಚಿ ಬೆಂಡಾಗಿತ್ತು, ಹುಳಿ ವಾಸನೆ. "ಹೊರಗ ಬಂಗಾರ, ಒಳಗ ಹಿಂಗ. ಕಾರ್ಬೈಡ್ ಹಾಕಿ ಹಣ್ಣ ಮಾಡೀರೇನ್ರಿ?" ಅಂದರು. ಅಪ್ಪ ಮಾತಾಡದೆ ದುಡ್ಡು ಮರಳಿಸಿದ. ಆ ರಾತ್ರಿ ಊಟಕ್ಕೆ ಏಳಲಿಲ್ಲ.

ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್. ಅದೇ ವಾರ ನಮ್ಮ ಯಂತ್ರದ ಎಕ್ಸ್-ರೇ ಟ್ಯೂಬ್ ಬದಲಾಯಿಸಿದ್ದರು. ಯಂತ್ರ ಸರಿಯಿದೆಯೇ ಎಂದು ನೋಡಲು ಇಡುವ, ನೀರು ತುಂಬಿದ ಡಬ್ಬಿ (ಫ್ಯಾಂಟಮ್) ಇಟ್ಟು ಪರೀಕ್ಷೆ ಮುಗಿಸಿದ ಮೇಲೆ, "ನಮ್ಮ ತೋಟದ ಆರು ಹಣ್ಣು ಇಟ್ಟು ನೋಡಲೇನ್ರಿ?" ಎಂದು ರೇಡಿಯಾಲಜಿಸ್ಟ್ ಮೇಡಂ ಅವರನ್ನು ಕೇಳಿದೆ. ಅವರೂ ಕುರ್ಚಿ ಎಳೆದುಕೊಂಡು ಕೂತರು.

ಪರದೆಯ ಮೇಲೆ ಸಿಪ್ಪೆ ಕೂದಲೆಳೆಯಷ್ಟು ತೆಳುಗೆರೆ, ತಿರುಳು ನುಣ್ಣನೆಯ ಬೂದು, ಓಟೆ ಬೆಳ್ಳಗೆ. ಓಟೆಯೊಳಗೆ ಬೀಜ ಮುದುರಿಕೊಂಡು ಮಲಗಿತ್ತು. ದಿನವೂ ಮನುಷ್ಯರ ಒಡಲು ನೋಡುವ ನನಗೆ ಎದೆ ಝಲ್ಲೆಂದಿತು. ಮೂರನೆಯ ಹಣ್ಣಿಗೆ ಬಂದಾಗ ಕೈ ನಿಂತಿತು. ಓಟೆಯ ಒಂದು ಮಗ್ಗುಲಲ್ಲಿ ಕಪ್ಪು ಕಲೆ. ದೊಡ್ಡದು ಮಾಡಿದರೆ ಇಡ್ಲಿ ಮುರಿದಾಗ ಕಾಣುವಂಥ ಸಣ್ಣ ಸಣ್ಣ ತೂತು. ಸಿಟಿ ಲೆಕ್ಕದಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಒಳ್ಳೆಯ ತಿರುಳು ನೀರಿನ ಆಸುಪಾಸಿನಲ್ಲಿತ್ತು, ಕಲೆಯ ಜಾಗ ಅದಕ್ಕಿಂತ ಬಹಳ ಕೆಳಗೆ. ಅಂದರೆ ತಿರುಳಿನ ನಡುವೆ ಗಾಳಿ ಸೇರಿಕೊಂಡಿದೆ. ಐದನೆಯದರಲ್ಲಿ ಬೀಜದೊಳಗೇ ಸುರಂಗ, ಓಟೆ ಹುಳುವಿನ ಕೆಲಸ. ಅದು ಹೀಚಿನಲ್ಲೇ ಒಳಹೊಕ್ಕಿರುತ್ತದೆ, ಗಾಯ ಮಾಯ್ದು ಹೊರಗೆ ಗುರುತೇ ಉಳಿದಿರುವುದಿಲ್ಲ.

ಆ ಎರಡನ್ನೂ ಹೆಚ್ಚಿದೆವು. ಪರದೆ ತೋರಿಸಿದ ಜಾಗದಲ್ಲೇ ಬೆಂಡು, ಅಲ್ಲೇ ಹುಳು. ಎಕ್ಸ್-ರೇ ಹಾದುಹೋದ ಮಾತ್ರಕ್ಕೆ ಹಣ್ಣಿನಲ್ಲಿ ವಿಕಿರಣ ಉಳಿಯುವುದಿಲ್ಲ, ಉಳಿದ ನಾಲ್ಕನ್ನು ಎಲ್ಲರೂ ಹಂಚಿಕೊಂಡು ತಿಂದೆವು.

ಬೆಂಡಾಗುವುದಕ್ಕೆ ಬೀಜವೇ ಕಾರಣ ಎಂದು ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2004ರಲ್ಲೇ ಬರೆದಿದ್ದಾರೆ. ಹಣ್ಣು ಗಿಡದ ಮೇಲಿರುವಾಗಲೇ ಬೀಜ ಮೊಳೆಯುವ ತಯಾರಿ ಶುರುಮಾಡಿಬಿಡುತ್ತದೆ. ನೆಲದಿಂದೇಳುವ ಬಿಸಿ ತೊಂದರೆಯನ್ನು ಹೆಚ್ಚಿಸುತ್ತದೆ, ಬುಡಕ್ಕೆ ಎಲೆ ಹೊದಿಸಿದರೆ ಕಡಿಮೆಯಾಗುತ್ತದೆ.

ಮನೆಗೆ ಬಂದು ಅಪ್ಪನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಬೆರಳಿನಿಂದ ಕಪ್ಪು ಕಲೆಯನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದ.

"ಇದು ಗಿಡದಾಗ ಇದ್ದಾಗನ ಆಗಿರ್ತೈತೇನು?"

"ಹೌದಪ್ಪಾ. ನೀ ಏನೂ ಮಾಡಿಲ್ಲ."

"ಹಂಗಾರ ಈ ಫೋಟೋ ಅವರಿಗೂ ಕಳಸು."

ಕಳಿಸಿದೆ. ಈ ಬೇಸಿಗೆಗೆ ಅಪ್ಪ ಒಣ ಎಲೆ ಗುಡ್ಡೆ ಹಾಕಿ ಸುಟ್ಟಿಲ್ಲ. ಒಂದೊಂದು ಗಿಡದ ಬುಡಕ್ಕೂ ತಾನೇ ನಿಂತು ಗೇಣು ದಪ್ಪ ಹರಡಿಸಿದ್ದಾನೆ.