ಅಂಡಮಾನ್‌ಗೆ ಹೊರಡುವ ಮುನ್ನ: ಬಿಸಿಲು, ಉಬ್ಬರ, ಹಡಗಿನ ಲೆಕ್ಕ

ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪದಲ್ಲಿ ಸಂಜೆ ಐದರ ಸುಮಾರಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ದ್ವೀಪ ಹೆಚ್ಚುಕಡಿಮೆ ಮೈಸೂರಿನ ನೇರಕ್ಕೇ ಇದೆ, ಆದರೆ ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕೆ. ಅಂದರೆ ಸೂರ್ಯನ ಲೆಕ್ಕದಲ್ಲಿ ಒಂದು ಗಂಟೆ ಮುಂದೆ. ಗಡಿಯಾರ ಮಾತ್ರ ನಮ್ಮದೇ. ಹತ್ತಕ್ಕೆ ತಿಂಡಿ ಮುಗಿಸಿ ಹೊರಡುವವರಿಗೆ ಅಲ್ಲಿ ಅರ್ಧ ದಿನ ಸಿಕ್ಕರೆ ಹೆಚ್ಚು. ಬೆಳಗ್ಗೆ ಐದಕ್ಕೆ ಎದ್ದು ಆರೂವರೆಗೆ ಕಡಲ ದಡದಲ್ಲಿರಿ, ಬಿಸಿಲು ಏರಿದಾಗ ವಿಶ್ರಾಂತಿ ತೆಗೆದುಕೊಳ್ಳಿ. ರಾಧಾನಗರ ಬೀಚ್‌ನ ಸೂರ್ಯಾಸ್ತಕ್ಕೆ ನಾಲ್ಕರೊಳಗೆ ತಲುಪಿ. ಜೆಟ್ಟಿಯಿಂದ ಅದು ಸುಮಾರು 12 ಕಿ.ಮೀ. ಬಾಡಿಗೆ ಸ್ಕೂಟರ್‌ನಲ್ಲಿ ವಾಪಸ್ ಬರುವಾಗ ದಾರಿ ಕತ್ತಲು, ಹಾಗಾಗಿ ಸ್ಕೂಟರ್ ಪಡೆಯುವಾಗಲೇ ಹೆಡ್‌ಲೈಟ್ ಹಾಕಿ ನೋಡಿ.

ಹೆಸರುಗಳ ವಿಷಯ ಮೊದಲೇ ಹೇಳಿಬಿಡುತ್ತೇನೆ. 2018ರಿಂದ ಹ್ಯಾವ್‌ಲಾಕ್‌ನ ಹೆಸರು ಸ್ವರಾಜ್ ದ್ವೀಪ, ನೀಲ್ ದ್ವೀಪದ್ದು ಶಹೀದ್ ದ್ವೀಪ. 2024ರಿಂದ ಪೋರ್ಟ್ ಬ್ಲೇರ್‌ನ ಹೆಸರು ಶ್ರೀ ವಿಜಯಪುರಂ. ಟಿಕೆಟ್‌ನಲ್ಲಿ ಹಳೆಯದೋ ಹೊಸದೋ ಯಾವುದಿದ್ದರೂ ಊರು ಒಂದೇ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ದ್ವೀಪಗಳ ಕ್ರಮ. ಬಹಳ ಜನ ಮೊದಲು ಪೋರ್ಟ್ ಬ್ಲೇರ್ ನೋಡಿ, ಹ್ಯಾವ್‌ಲಾಕ್, ನೀಲ್ ಮುಗಿಸಿ, ಕೊನೆಯ ದಿನ ಬೆಳಗ್ಗೆ ಹಡಗು ಹತ್ತಿ ಅದೇ ದಿನದ ವಿಮಾನ ಹಿಡಿಯುವ ಯೋಜನೆ ಹಾಕುತ್ತಾರೆ. ಇದು ಅಪಾಯದ ಲೆಕ್ಕ. ಗಾಳಿ ಜೋರಾದರೆ ಹಡಗು ರದ್ದು. ಆಮೇಲೆ ಟಿಕೆಟ್ ಹಣ ವಾಪಸ್ ಬರಬಹುದು, ಹೋದ ವಿಮಾನ ಬರುವುದಿಲ್ಲ. ಕ್ರಮ ತಿರುಗಿಸಿ: ಇಳಿದ ದಿನವೋ ಮರುದಿನವೋ ಹ್ಯಾವ್‌ಲಾಕ್, ಅಲ್ಲಿಂದ ನೀಲ್, ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರ್. ಸೆಲ್ಯುಲರ್ ಜೈಲು, ಅಲ್ಲಿನ ಸಂಜೆಯ ಧ್ವನಿ-ಬೆಳಕು ಪ್ರದರ್ಶನ, ರಾಸ್ ದ್ವೀಪ ಎಲ್ಲವನ್ನೂ ಆ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಮಾಡುವವರಿಗೆ ಈ ಕ್ರಮ ಇನ್ನೂ ಮುಖ್ಯ, ಕಾರಣ ಕೆಳಗಿದೆ.

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗು ಸುಮಾರು ಒಂದೂವರೆ ಗಂಟೆ, ಸರ್ಕಾರಿ ಹಡಗು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಸರ್ಕಾರಿ ಹಡಗು ಅಗ್ಗ, ಆದರೆ ದ್ವೀಪವಾಸಿಗಳ ಓಡಾಟಕ್ಕೆ ಅದೇ ಆಧಾರ. ಆಸ್ಪತ್ರೆಗೆ, ಕಾಲೇಜಿಗೆ ಹೋಗುವವರ ಸೀಟು ಅದು. ಖಾಸಗಿ ಟಿಕೆಟ್ ಕೊಳ್ಳಲು ಶಕ್ತಿಯಿದ್ದರೆ ಅದನ್ನೇ ಕೊಳ್ಳಿ ಎನ್ನುವುದು ನನ್ನ ಮಾತು. ವಿಮಾನದ ಟಿಕೆಟ್ ಆದ ಕೂಡಲೇ ಹಡಗಿನದನ್ನೂ ಮಾಡಿಸಿ. ಡಿಸೆಂಬರ್, ಜನವರಿಯಲ್ಲಿ ಬೇಗ ತುಂಬುತ್ತದೆ. ಜೆಟ್ಟಿಗೆ ಒಂದು ಗಂಟೆ ಮೊದಲೇ ಹೋಗಿ, ಮೂಲ ಗುರುತಿನ ಚೀಟಿ ಕೈಯಲ್ಲಿರಲಿ. ವಾಂತಿ ಬರುವವರು ಮಾತ್ರೆಯನ್ನು ಹಡಗು ಹೊರಡುವ ಅರ್ಧ-ಮುಕ್ಕಾಲು ಗಂಟೆ ಮೊದಲೇ ನುಂಗಬೇಕು. ತಲೆ ತಿರುಗಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ.

ಇನ್ನು ಉಬ್ಬರವಿಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನಡುವೆ ಆರು ಗಂಟೆಗೆ ತುಸು ಹೆಚ್ಚು ಅಂತರ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ನೀಲ್ ದ್ವೀಪದಲ್ಲಿ ತಾನಾಗಿಯೇ ರೂಪುಗೊಂಡ ಕಲ್ಲಿನ ಸೇತುವೆಯ ಕಡೆಗೆ ಇಳಿತದಲ್ಲಿ ಮಾತ್ರ ನಡೆದು ಹೋಗಬಹುದು. ಭರತ್‌ಪುರ ಬೀಚ್‌ನಲ್ಲಿ ಇದರ ತದ್ವಿರುದ್ಧ: ಇಳಿತದ ಹೊತ್ತಿಗೆ ಈಜಲು ನೀರೇ ಇರುವುದಿಲ್ಲ, ಕಾಲಿಗೆ ಹವಳ ತಾಗುತ್ತದೆ. ಹವಳ ಕೊಯ್ದ ಗಾಯ ಬೇಗ ಮಾಯುವುದಿಲ್ಲ, ತುಳಿದ ಹವಳ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರಿನ ಏರಿಳಿತ ಹೆಚ್ಚು. ಅಷ್ಟಮಿಯ ಸುಮಾರಿಗೆ ಕಡಿಮೆ. ಹಾಗಾಗಿ ಸೇತುವೆಗೆ ಅಮಾವಾಸ್ಯೆ, ಹುಣ್ಣಿಮೆಯ ಸುತ್ತಲ ದಿನಗಳು ಒಳ್ಳೆಯವು. ಹೋಟೆಲ್‌ನವರನ್ನು ಕೇಳಿದರೆ ಆ ದಿನದ ಇಳಿತದ ಸಮಯ ಹೇಳುತ್ತಾರೆ. ಬಂಡೆ ಜಾರುವುದರಿಂದ ಹಿಂಬದಿ ಪಟ್ಟಿಯಿರುವ ಚಪ್ಪಲಿ ಬೇಕು, ಹವಾಯಿ ಚಪ್ಪಲಿ ನಡೆಯುವುದಿಲ್ಲ.

ಸ್ಕೂಬಾಕ್ಕೆ ಈಜು ಬರಬೇಕೆಂದಿಲ್ಲ, ಶಿಕ್ಷಕರು ಹಿಡಿದೇ ಇರುತ್ತಾರೆ. ಆದರೆ ಆರೋಗ್ಯದ ಫಾರಂನಲ್ಲಿ ಸುಳ್ಳು ಬರೆಯಬೇಡಿ. ಆಸ್ತಮಾ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರ ಒಪ್ಪಿಗೆ ಬೇಕು, ಗರ್ಭಿಣಿಯರು ಇಳಿಯಲೇಬಾರದು. ನೆಗಡಿಯಿದ್ದರೆ ಆ ದಿನ ಬೇಡ: ಮೂಗು ಕಟ್ಟಿದಾಗ ಕಿವಿಯೊಳಗಿನ ಒತ್ತಡ ಸರಿದೂಗದೆ ತಮಟೆ ಹರಿಯಬಹುದು. ಇಳಿಯುವಾಗ ನೋವಿಗೆ ಕಾಯದೆ, ಆಗಾಗ ಮೂಗು ಹಿಡಿದು ಮೆಲ್ಲಗೆ ಊದಿ. ನೋವಾದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಡೈವ್ ಮುಗಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬೇಡಿ, ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟುವ ಅಪಾಯವಿದೆ. ಕೊನೆಯ ದಿನ ಪೋರ್ಟ್ ಬ್ಲೇರ್ ಎಂದದ್ದು ಇದಕ್ಕೂ ಸೇರಿಯೇ.

ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹಳ್ಳ ಸಮುದ್ರ ಸೇರುವ ಜಾಗ, ಕತ್ತಲಾದ ಮೇಲಿನ ನೀರು, ಈ ಮೂರೂ ಕಡೆ ಇಳಿಯಬೇಡಿ. ಅಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಪ್ರವಾಸಿಯೊಬ್ಬರು ಜೀವ ಕಳೆದುಕೊಂಡರು. ಎಚ್ಚರಿಕೆ ಫಲಕ ಇರುವಲ್ಲಿ ಜೀವರಕ್ಷಕರ ಮಾತು ಕೇಳಿ.

ಬಾರಾಟಾಂಗ್ ದ್ವೀಪದ ಸುಣ್ಣದಕಲ್ಲಿನ ಗುಹೆಗೆ ರಸ್ತೆಯಲ್ಲಿ ಹೋಗುವುದೆಂದರೆ ನಸುಕಿಗೂ ಮೊದಲೇ ಹೊರಟು, ಜಿರ್ಕಾಟಾಂಗ್ ಗೇಟಿನಲ್ಲಿ ಸಾಲು ನಿಂತು, ಪೊಲೀಸ್ ಬೆಂಗಾವಲಿನಲ್ಲಿ ಜಾರವಾ ಆದಿವಾಸಿಗಳ ಮೀಸಲು ಕಾಡು ದಾಟುವುದು. ಅಲ್ಲಿ ವಾಹನ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿನಿಸು ಕೊಡುವುದು ಅಪರಾಧ. ಅದು ಅವರ ಮನೆ. ಐದು ದಿನದ ಪ್ರವಾಸವಾದರೆ ಇದನ್ನು ಬಿಟ್ಟುಬಿಡಿ ಎಂದೇ ನಾನು ಹೇಳುವುದು.

ಉಳಿದದ್ದು ಸಣ್ಣಪುಟ್ಟದ್ದು. ಚಿಕ್ಕ ದ್ವೀಪಗಳಲ್ಲಿ ಎಟಿಎಂ ಕಡಿಮೆ, ನೆಟ್‌ವರ್ಕ್ ಕೈಕೊಟ್ಟರೆ ಫೋನಿನಲ್ಲಿ ಹಣ ಪಾವತಿಯೂ ಆಗದು, ಹಾಗಾಗಿ ನಗದು ಪೋರ್ಟ್ ಬ್ಲೇರ್‌ನಲ್ಲೇ ತೆಗೆದುಕೊಳ್ಳಿ. ಹಡಗು, ಹೋಟೆಲ್ ಟಿಕೆಟ್‌ಗಳನ್ನು ಕಾಗದದಲ್ಲಿ ಮುದ್ರಿಸಿಟ್ಟುಕೊಳ್ಳಿ. ಮರಳುನೊಣ ಕಚ್ಚಿದರೆ ದಿನಗಟ್ಟಲೆ ತುರಿಕೆ. ಸಂಜೆ ಮರಳಿನ ಮೇಲೆ ಕೂರುವಾಗ ಉದ್ದ ಪ್ಯಾಂಟ್ ಧರಿಸಿ, ಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ದಡದಲ್ಲಿ ಬಿದ್ದ ಸತ್ತ ಹವಳವನ್ನೂ ಚಿಪ್ಪನ್ನೂ ಚೀಲಕ್ಕೆ ಹಾಕಬೇಡಿ: ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಪ್ರಕರಣವಾಗಬಹುದು. ಅಂಗಡಿಯಲ್ಲಿ ಕೊಂಡ ಚಿಪ್ಪಿನ ವಸ್ತುವಾದರೆ ರಸೀದಿಯನ್ನು ಜೊತೆಗೇ ಇಟ್ಟುಕೊಳ್ಳಿ.