ಸ್ಟಿಕರಿನ ಅಡಿಯಲ್ಲಿದ್ದ 1.5 ವೋಲ್ಟ್

ಮಾವನವರಿಗಾಗಿ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಹಳೆಯ ಲ್ಯಾಪ್‌ಟಾಪ್ ಕಡೆಗೂ 12 ಜಿಬಿ ರ‍್ಯಾಮ್‌ನೊಡನೆ ಓಡುತ್ತಿದೆ. ಇಂಟೆಲ್ ನಾಲ್ಕನೆಯ ತಲೆಮಾರಿನ ಐ5 ಪ್ರೊಸೆಸರ್, 14 ಇಂಚಿನ ಪರದೆ, ಯಾವುದೋ ಕಚೇರಿ ವಿಲೇವಾರಿ ಮಾಡಿದ ಸರಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಇಷ್ಟು ಹಳೆಯ ಪ್ರೊಸೆಸರ್‌ಗೆ ಜಾಗವಿಲ್ಲ. ಆದರೆ ಕನ್ನಡದಲ್ಲಿ ಪತ್ರ ಬರೆಯಲು, ಹೌಸಿಂಗ್ ಸೊಸೈಟಿಯ ಲೆಕ್ಕವಿಡಲು ಮತ್ತು ಯಕ್ಷಗಾನದ ವಿಡಿಯೊ ನೋಡಲು ಇದು ಧಾರಾಳ ಸಾಕು. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಜೋಡಿಸಿದ್ದು, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದ್ದು ಇವೆಲ್ಲ ನಮ್ಮಂಥ ಹಳೆಯ ಯಂತ್ರ ರಿಪೇರಿಯವರಿಗೆ ತಿಳಿದ ಕೆಲಸಗಳೇ.

ಕಾಡಿದ್ದು ರ‍್ಯಾಮ್. ಮೊದಲಿದ್ದ 4 ಜಿಬಿಯ ಜೊತೆಗೆ ಅಂಗಡಿಯಿಂದ ತಂದ 8 ಜಿಬಿಯ ಹಳೆಯ ಕಡ್ಡಿಯೊಂದನ್ನು ಕೂರಿಸಿದೊಡನೆ ಪರದೆ ಕಪ್ಪಾಗಿ, ಫ್ಯಾನ್ ಒಮ್ಮೆ ತಿರುಗಿ ನಿಂತು, ಬೀಪ್ ಸದ್ದು ಶುರುವಾಗುತ್ತಿತ್ತು. ಸ್ಲಾಟ್ ಬದಲಿಸಿದರೂ, ನಮ್ಮೆಲ್ಲರ ಕುಲದೈವವಾದ ಪೆನ್ಸಿಲ್ ರಬ್ಬರಿನಿಂದ ಸಂಪರ್ಕಗಳನ್ನು ಉಜ್ಜಿದರೂ ಫಲ ಒಂದೇ. ನಾಲ್ಕನೆಯ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ 1.35 ವೋಲ್ಟಿನಲ್ಲಿ ನಡೆಯುವ ಡಿಡಿಆರ್3ಎಲ್ ಎಂಬ ಬಗೆಯ ಕಡ್ಡಿ ಬೇಕು, ಆದರೆ 1.5 ವೋಲ್ಟಿನ ಡಿಡಿಆರ್3 ಕಡ್ಡಿಗೂ ಅದೇ 204 ಪಿನ್ನು, ಅದೇ ಕಚ್ಚು ಇರುವುದರಿಂದ ಅದು ಯಾವ ತಕರಾರೂ ಇಲ್ಲದೆ ಸ್ಲಾಟಿನೊಳಗೆ ಕುಳಿತುಬಿಡುತ್ತದೆ. ಲೇಬಲ್ಲಿನಲ್ಲಿ 1.5 ವೋಲ್ಟಿನ ಪಿಸಿ3 ಎಂದಿದೆಯೋ 1.35 ವೋಲ್ಟಿನ ಪಿಸಿ3ಎಲ್ ಎಂದಿದೆಯೋ ನೋಡಿದರೆ ಮುಗಿಯಿತು. ಆದರೆ ಅಂಗಡಿಯವರು ತಮ್ಮ ವಾರಂಟಿ ಸ್ಟಿಕರನ್ನು ಸರಿಯಾಗಿ ಆ ಅಕ್ಷರಗಳ ಮೇಲೆಯೇ ಅಂಟಿಸಿದ್ದರು. ಕಾಣುತ್ತಿದ್ದದ್ದು ‘12800ಎಸ್’ ಎಂಬ ಬಾಲ ಮಾತ್ರ. ಸ್ಟಿಕರ್ ಕಿತ್ತರೆ ವಾರಂಟಿ ಇಲ್ಲ, ಕೀಳದಿದ್ದರೆ ವೋಲ್ಟೇಜ್ ತಿಳಿಯುವುದಿಲ್ಲ!

ಮೂರನೆಯ ತಲೆಮಾರಿನ ಯಂತ್ರಗಳು ಎರಡೂ ಬಗೆಯನ್ನು ಒಪ್ಪುತ್ತವೆ. ಮನೆಯಲ್ಲಿದ್ದ ಅಂಥದೊಂದಕ್ಕೆ ಕಡ್ಡಿಯನ್ನು ಹಾಕಿ, ಲಿನಕ್ಸ್ ತಂತ್ರಾಂಶವಾದ ಐ2ಸಿ-ಟೂಲ್ಸ್‌ನ ಡಿಕೋಡ್-ಡಿಮ್ಸ್ ಎಂಬ ಆಜ್ಞೆ ಓಡಿಸಿದಾಗ, ಕಡ್ಡಿಯ ವಿವರಗಳನ್ನು ಬರೆದಿಟ್ಟಿರುವ ಅದರ ಎಸ್‌ಪಿಡಿ ಚಿಪ್ಪಿನಲ್ಲಿದ್ದ ಸತ್ಯ ಹೊರಬಂತು: ಅದು ನಡೆಯುವುದು 1.5 ವೋಲ್ಟಿನಲ್ಲಿ ಮಾತ್ರ. ಸ್ಯಾಮ್‌ಸಂಗ್ ಕಡ್ಡಿಯಾದ್ದರಿಂದ ಪಾರ್ಟ್ ನಂಬರಿನ ಕೊನೆಯ ‘ಸಿಕೆ0’ ಕೂಡ ಅದನ್ನೇ ಹೇಳುತ್ತಿತ್ತು, 1.35 ವೋಲ್ಟಿನದಾಗಿದ್ದರೆ ಅಲ್ಲಿ ‘ವೈಕೆ0’ ಇರಬೇಕಿತ್ತು.

ಅಂಗಡಿಯಲ್ಲಿ ಇದಾವುದೂ ನಡೆಯಲಿಲ್ಲ. ಕಡ್ಡಿಯನ್ನು ತಮ್ಮ ಪರೀಕ್ಷೆಯ ಯಂತ್ರಕ್ಕೆ ಹಾಕಿ, “ನೋಡಿ ಸಾಹೇಬರೇ, ಚೆನ್ನಾಗಿಯೇ ಇದೆಯಲ್ಲ” ಎಂದರು. ಆ ಯಂತ್ರವೂ ಮೂರನೆಯ ತಲೆಮಾರಿನದೇ, ನಡೆಯದೆ ಏನು ಮಾಡೀತು! ಮಾರಾಟಕ್ಕಿಟ್ಟಿದ್ದ ನಾಲ್ಕನೆಯ ತಲೆಮಾರಿನದೊಂದಕ್ಕೆ ಹಾಕಿಸಿದಾಗ ಅಲ್ಲಿಯೂ ಪರದೆ ಕಪ್ಪಾಯಿತು. ಆಮೇಲೆ ಅವರೇ ಉಗುರಿನಿಂದ ಸ್ಟಿಕರ್ ಎಬ್ಬಿಸಿ ನೋಡಿ, ಮಾತಿಲ್ಲದೆ ಪಿಸಿ3ಎಲ್ ಕಡ್ಡಿ ಕೊಟ್ಟರು. ಅದರ ಮೇಲೆಯೂ ಸ್ಟಿಕರ್ ಅಂಟಿಸಲು ಹೊರಟಾಗ, ದಯವಿಟ್ಟು ಹಿಂಬದಿಗೆ ಅಂಟಿಸಿ ಎಂದು ಕೇಳಿಕೊಂಡೆ.

4 ಮತ್ತು 8 ಜಿಬಿಯ ವಿಷಮ ಜೋಡಿಯ ಬಗ್ಗೆ ಗೊಣಗುವವರಿಗೆ ಒಂದು ಮಾತು: ಇಂಟೆಲ್‌ನ ಫ್ಲೆಕ್ಸ್ ಮೋಡ್‌ನಲ್ಲಿ ಮೊದಲ 8 ಜಿಬಿ ಎರಡು ಚಾನೆಲ್ಲುಗಳಲ್ಲಿ, ಅಂದರೆ ದತ್ತಾಂಶ ಹರಿಯುವ ಎರಡೂ ದಾರಿಗಳಲ್ಲಿಯೂ ಉಳಿದ 4 ಜಿಬಿ ಒಂದರಲ್ಲಿಯೂ ನಡೆಯುತ್ತದೆ, ಲೆಕ್ಕದ ಹಾಳೆಗೆ ಅದರ ವ್ಯತ್ಯಾಸ ತಿಳಿಯುವುದಿಲ್ಲ.

ಅದೇ ಬೀದಿಯಲ್ಲಿ ಬೋರ್ಡ್ ಸುಟ್ಟ ಲ್ಯಾಪ್‌ಟಾಪಿನ ಪರದೆಯೊಂದನ್ನೂ ಅಗ್ಗಕ್ಕೆ ಎತ್ತಿಕೊಂಡು ಬಂದಿದ್ದೇನೆ. ಇಡಿಪಿ ಎಂಬ ಹೊಸ ಬಗೆಯ, 30 ಪಿನ್ನಿನ ಸಂಪರ್ಕವಿರುವ ಪ್ಯಾನೆಲ್. ಇದಕ್ಕೆ ಹೊಂದುವ ಕಂಟ್ರೋಲರ್ ಬೋರ್ಡ್ ಸಿಕ್ಕರೆ ಎಚ್‌ಡಿಎಂಐ ಮಾನಿಟರ್ ಆಗುತ್ತದೆ. ಮಾರುವವರು ಹಳೆಯ ಬಗೆಯ, 40 ಪಿನ್ನಿನ ಎಲ್‌ವಿಡಿಎಸ್ ಬೋರ್ಡನ್ನೇ “ಎಲ್ಲದಕ್ಕೂ ಆಗುತ್ತದೆ” ಎಂದು ಚಾಚುತ್ತಿದ್ದಾರೆ. ಸದ್ಯಕ್ಕೆ ಪ್ಯಾನೆಲ್ಲಿನ ಹಿಂಬದಿಯ ಪೂರ್ಣ ಮಾದರಿ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಂಡಿದ್ದೇನೆ. ಅದರ ಮೇಲೆ ಯಾವ ಸ್ಟಿಕರೂ ಇಲ್ಲ.