ಯಾರು ನೇಯ್ದಿದ್ದು?

ಭಾನುವಾರದಿಂದ ಅಪ್ಪನ ಒಂದು ಪ್ರಶ್ನೆ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಅಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಬ್ಯಾಗಿನಿಂದ ಒಂದು ರಾ ಡೆನಿಮ್ ಜೀನ್ಸ್ ತೆಗೆದು ಅಜ್ಜನಿಗೆ ತೋರಿಸಿದ. ಕೊಂಡು ತಿಂಗಳುಗಳೇ ಆಗಿವೆ, ಆದರೆ ಒಂದು ಸಲವೂ ನೀರು ಕಂಡಿಲ್ಲ. ಅಪ್ಪ ಮಂಚದ ಮೇಲೆ ಕೂತು ಅದನ್ನು ತೊಡೆ ಮೇಲೆ ಹರಡಿಕೊಂಡರು. ಕಾಲಿನ ತುದಿ ಮಡಚಿ, ಒಳಹೊಲಿಗೆ ಅಗಲಿಸಿ ನೋಡಿ, ಅಂಚಿನ ಮೇಲೆ ಹೆಬ್ಬೆರಳು ಉಜ್ಜಿದರು. ಆಮೇಲೆ ಕೇಳಿದರು.

"ಯಾರು ನೇಯ್ದಿದ್ದು ತಮ್ಮಾ?"

ಹುಡುಗ ಕಂಪನಿ ಹೆಸರು ಹೇಳಿದ.

"ಅದು ಮಾರಿದೋರ ಹೆಸರು. ನೇಯ್ದೋರು ಯಾರು?"

ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ.

ರಾ ಡೆನಿಮ್ ಅಂದರೆ ಮಗ್ಗದಿಂದ ಇಳಿದ ಮೇಲೆ ತೊಳೆಯದೆ ಹಾಗೇ ಹೊಲಿದ ಬಟ್ಟೆ. ನೂಲಿಗೆ ಹಾಕಿದ ಗಂಜಿ ಅದರಲ್ಲೇ ಇರುತ್ತದೆ. ಅದಕ್ಕೇ ಅಷ್ಟು ಬಿರುಸು. ಹಾಕಿಕೊಂಡವರ ಮೊಣಕಾಲು, ಜೇಬು, ಕೂರುವ ರೀತಿ ನೋಡಿಕೊಂಡು ಬಣ್ಣ ನಿಧಾನಕ್ಕೆ ಮಾಸುತ್ತದೆ. ಆರು ತಿಂಗಳು ತೊಳೆಯಬೇಡಿ ಅಂತ ಅಂಗಡಿಯವರು ಇವನಿಗೆ ಹೇಳಿ ಕಳಿಸಿದ್ದರಂತೆ. ಇವನು ಅಕ್ಷರಶಃ ಪಾಲಿಸಿದ್ದಾನೆ. ಒಂದು ಬಟ್ಟೆಯನ್ನು ಇಷ್ಟು ಜೋಪಾನ ಮಾಡುವ ಹುಡುಗರು ಈಗ ಎಷ್ಟು ಮಂದಿ ಇದ್ದಾರೆ? ನನಗಂತೂ ಅವನ ಮೇಲೆ ಪ್ರೀತಿ ಜಾಸ್ತಿಯಾಯಿತು. ಆದರೆ ಅಂಗಡಿಯವರ ಮಾತು ನಾನು ಒಪ್ಪುವುದಿಲ್ಲ. ಬೆವರು, ಧೂಳು ಒಳಗೇ ಕೂತರೆ ನೂಲು ಸವೆಯುತ್ತದೆ. ಮೊದಲು ಹರಿಯುವುದು ತೊಡೆಸಂದಿಯ ಹೊಲಿಗೆ.

ಅಕ್ಕ ಎರಡು ಮಾತಿಲ್ಲದೆ ಅದನ್ನು ವಾಷಿಂಗ್ ಮಷೀನಿಗೆ ಹಾಕಲು ಎತ್ತಿಕೊಂಡಳು. ಅವಳು ಕೆಲಸ ಬಾಕಿ ಇಡುವವಳಲ್ಲ. ಆ ಮನೆ ನಡೆದದ್ದೇ ಅವಳ ಆ ಗುಣದಿಂದ. ಆದರೆ ಬಟ್ಟೆ ವಿಷಯದಲ್ಲಿ ಅವಳಿಗೆ ತಾಳ್ಮೆ ಇಲ್ಲ. ಬಿಳಿ ಪಂಚೆ, ಕಪ್ಪು ಪ್ಯಾಂಟು, ರೇಷ್ಮೆ ರವಿಕೆ, ಎಲ್ಲಕ್ಕೂ ಒಂದೇ ಪುಡಿ. "ನಾನು ತೊಳೀತೀನಿ, ಕೊಡಕ್ಕ" ಅಂತ ಇಸ್ಕೊಂಡೆ.

ನನ್ನ ಹೆಂಡತಿ ರೇಷ್ಮೆ ಸೀರೆಗೆ ಅಂತ ಅಂಟುವಾಳ ಕಾಯಿ ಇಟ್ಟಿರುತ್ತಾಳೆ. ಬೀಜ ತೆಗೆದು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಕಿವುಚಿ ಸೋಸಿದರೆ ತೆಳ್ಳಗೆ ನೊರೆ ಬಂತು. ಇದರಲ್ಲಿ ಸೋಡಾ ಇಲ್ಲ, ಬಿಳಿ ಮಾಡುವ ಪುಡಿ ಇಲ್ಲ. ಅಂಟುವಾಳ ಇಲ್ಲದವರು ಉಣ್ಣೆ ಬಟ್ಟೆಗೆ ಬಳಸುವ ಲಿಕ್ವಿಡ್ ಸೋಪು ಒಂದು ಚಮಚ ಹಾಕಿದರೂ ಸಾಕು. ನೀರು ಮಾತ್ರ ನೋಡಿಕೊಳ್ಳಬೇಕು. ನಮ್ಮ ಬೋರ್ ನೀರು ಗಡಸು, ಸೋಪು ಹಾಕಿದರೆ ಕಡುನೀಲಿ ಬಟ್ಟೆ ಮೇಲೆ ಬಿಳಿ ಜಿಡ್ಡು ಕೂರುತ್ತದೆ. ಅದಕ್ಕೆ ನಲ್ಲಿ ನೀರು ಬರುವ ದಿನ ಕಾದು ತೊಳೆದೆ.

ಗುಂಡಿ ಹಾಕಿ, ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಉದ್ದಕ್ಕೆ ಮುಳುಗಿಸಿದೆ. ಅರ್ಧ ಗಂಟೆ ಬಿಟ್ಟು ಅಂಗೈಯಿಂದ ಒತ್ತಿದೆ, ಅಷ್ಟೇ. ಬ್ರಷ್ ಇಲ್ಲ, ಬಡಿಯುವುದಿಲ್ಲ, ಹಿಂಡುವುದಿಲ್ಲ. ಬಕೆಟ್ ನೀರು ಕಡುನೀಲಿಯಾಯಿತು. ಹುಡುಗನ ಮುಖ ಸಣ್ಣದಾಯಿತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ, "ಹೋಗೋದು ಹೋಗ್ಲಿ, ಇರೋದು ಇರ್ತೈತಿ" ಅಂದರು. ಆಮೇಲೆ ಅಂಚಿನಿಂದ ಒಂದು ನೀಲಿ ಎಳೆ ಕಿತ್ತು, ಉಗುರಿನಿಂದ ಹುರಿ ಬಿಚ್ಚಿ ತೋರಿಸಿದರು. ಕೆಂಪು ಮೂಲಂಗಿಯ ಹಾಗೆ, ಮೇಲೆ ಬಣ್ಣ, ಒಳಗೆ ಬಿಳಿ. ನೀಲಿ ಬಣ್ಣ ನೂಲಿನ ಒಳತನಕ ಇಳಿಯುವುದಿಲ್ಲ. ಬಣ್ಣದ ತೊಟ್ಟಿಯಿಂದ ಎತ್ತಿದಾಗ ನೂಲು ಹಳದಿ ಹಸಿರು, ಗಾಳಿ ತಾಗಿದ ಮೇಲೇ ಅದು ನೀಲಿಯಾಗುವುದು. ಮತ್ತೆ ಮತ್ತೆ ಅದ್ದಿ, ಗಾಳಿಗೆ ಹಿಡಿದು, ಪದರ ಪದರವಾಗಿ ಕೂರಿಸಬೇಕು. ಹಾಸು, ಅಂದರೆ ಉದ್ದದ ಎಳೆ, ನೀಲಿ; ಹೊಕ್ಕು, ಅಂದರೆ ಅಡ್ಡದ ಎಳೆ, ಬಿಳಿ. ಉಜ್ಜಿದಲ್ಲೆಲ್ಲ ಪದರ ಹೋಗಿ ಬಿಳಿ ಇಣುಕುತ್ತದೆ.

ಅಪ್ಪ ಇಲ್ಲಿನ ಒಂದು ಮಿಲ್ಲಿನಲ್ಲಿ ಮಗ್ಗದ ಖಾತೆಯಲ್ಲಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಅವರು ನೇಯ್ದದ್ದು ಬಣ್ಣ ಹಾಕದ ಕೋರಾ ಬಟ್ಟೆ, ಡೆನಿಮ್ ಅಲ್ಲ. ಆದರೂ ಆ ಅಂಚು ನೋಡಿದ ಕೂಡಲೇ, "ಇದು ಲಾಳಿ ಮಗ್ಗದ್ದು" ಅಂದುಬಿಟ್ಟರು. ಲಾಳಿ ಒಂದೇ ದಾರ ಹಿಡಿದು ಆ ಕಡೆ ಹೋಗಿ ಈ ಕಡೆ ತಿರುಗುವುದರಿಂದ ಅಂಚು ತಾನಾಗಿ ಮುಚ್ಚಿಕೊಳ್ಳುತ್ತದೆ. ಈಗಿನ ಮಗ್ಗಗಳು ಪ್ರತಿ ಎಳೆಯನ್ನೂ ಕತ್ತರಿಸುತ್ತವೆ, ಅಂಚಿನಲ್ಲಿ ಕುಚ್ಚು ಉಳಿಯುತ್ತದೆ. ಹುಡುಗ ದುಬಾರಿ ಬೆಲೆ ಕೊಟ್ಟದ್ದು ಆ ಮುಚ್ಚಿದ ಅಂಚಿಗೆ, ಅದರಲ್ಲಿರುವ ಕೆಂಪು ಎಳೆಗೆ. ಅದಕ್ಕೆ ಸೆಲ್ವೆಜ್ ಅಂತಾರೆ, ಜಪಾನಿನವರು ಹಳೇ ಲಾಳಿ ಮಗ್ಗಗಳನ್ನು ಕಾಪಾಡಿಕೊಂಡು ಇದನ್ನೇ ನೇಯುತ್ತಾರೆ ಅಂತ ಅವನು ಹೇಳಿದ. ಅಪ್ಪ ಕೇಳಿಸಿಕೊಂಡರು. "ನಮ್ಮವು ಗುಜರಿಗೆ ಹೋದ್ವು" ಅಂದರು. ಅಷ್ಟೇ ಅಂದದ್ದು.

ನೀರಲ್ಲಿ ಎಷ್ಟು ಕುಗ್ಗುತ್ತದೆ ಅಂತ ಹುಡುಗನಿಗೆ ಭಯ ಇತ್ತು. ಅಪ್ಪ ಲೇಬಲ್ ಓದಿಸಿಕೊಂಡು, "ಸ್ಯಾನ್ಫರೈಸ್ ಮಾಡ್ಯಾರೆ, ಹೆದರ್ಬೇಡ" ಅಂದರು. ಬಟ್ಟೆಯನ್ನು ಮಿಲ್ಲಿನಲ್ಲೇ ಕುಗ್ಗಿಸಿಬಿಡುವ ಆ ವಿಧಾನ 1930ರ ಸುಮಾರಿನದು. ಅದು ಆದ ಬಟ್ಟೆ ನೂರಕ್ಕೆ ಒಂದರಿಂದ ಮೂರರಷ್ಟು ಕುಗ್ಗಬಹುದು. ಆಗದಿದ್ದರೆ ಹತ್ತರವರೆಗೂ ಹೋಗುತ್ತದೆ, ಪ್ಯಾಂಟು ಮೊಣಕಾಲ ಕಡೆಗೆ ಏರುತ್ತದೆ. ಇದನ್ನೆಲ್ಲ ಅವರು ಪುಸ್ತಕದಿಂದ ಕಲಿತದ್ದಲ್ಲ.

ನನಗೆ ನೋವಾದದ್ದು ಇಲ್ಲಿ. ಇಷ್ಟು ವರ್ಷ ಈ ಮನೆಯಲ್ಲಿ ಅಪ್ಪನಿಗೆ ಬಟ್ಟೆ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಊರಿಗೆ ಬಂದವರು ಬೆಣ್ಣೆ ದೋಸೆ ಎಲ್ಲಿ ಚೆನ್ನಾಗಿರುತ್ತದೆ ಅಂತ ಕೇಳುತ್ತಾರೆ. ಕೇಳಲಿ, ದೋಸೆ ನಮ್ಮ ಹೆಮ್ಮೆಯೇ. ಮಿಲ್ಲಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೈಯಿಂದ ಮುಟ್ಟಿ ಬಟ್ಟೆಯ ಗಂಜಿ, ಹುರಿ, ಮಗ್ಗ ಹೇಳುವ ಎಷ್ಟೋ ಜನ ನಿಟುವಳ್ಳಿ, ಕೆಟಿಜೆ ನಗರದ ಮನೆಗಳಲ್ಲಿ ಟಿವಿ ನೋಡುತ್ತಾ ಕೂತಿದ್ದಾರೆ.

"ನೇಯ್ದೋರು ಯಾರು?" ಈ ಪ್ರಶ್ನೆ ಹಿಡಿದು ಹೊರಟರೆ ಎಲ್ಲಿಗೋ ಹೋಗುತ್ತದೆ. ಪಕ್ಕದ ಬಳ್ಳಾರಿಯಲ್ಲಿ ಸಾವಿರಾರು ಜನ ಜೀನ್ಸ್ ಹೊಲಿಯುತ್ತಾರೆ, ಅವರ ಹೆಸರು ಯಾವ ಲೇಬಲ್ ಮೇಲೂ ಇಲ್ಲ. ಮೊಳಕಾಲ್ಮೂರಿನ ಸೀರೆ ಉಟ್ಟವರಿಗೆ ಊರಿನ ಹೆಸರು ಗೊತ್ತು, ನೇಕಾರರ ಹೆಸರು ಗೊತ್ತಿಲ್ಲ. ಈ ನೀಲಿಯ ಕಥೆಯೂ ಹಾಗೇ. 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದದ್ದು ಬಲವಂತಕ್ಕೆ ನೀಲಿ ಗಿಡ ಬೆಳೆಯಬೇಕಾಗಿದ್ದ ರೈತರಿಗೋಸ್ಕರ. ಮಾರಿದವರ ಹೆಸರು ಉಳಿಯುತ್ತದೆ, ಮಾಡಿದವರದ್ದು ಉಳಿಯುವುದಿಲ್ಲ. ಇದು ಸರಿಯಲ್ಲ ಅಂತ ನನಗೆ ಈ ವಾರ ಬಹಳ ಬಲವಾಗಿ ಅನಿಸಿದೆ.

ಜೀನ್ಸನ್ನು ಎರಡು ಸಲ ಬರೀ ನೀರಲ್ಲಿ ಜಾಲಿಸಿ, ಸೊಂಟದ ಪಟ್ಟಿ ಹಿಡಿದು ನೆರಳಲ್ಲಿ ನೇತುಹಾಕಿದೆವು. ಬಣ್ಣ ಉಳಿದಿದೆ, ವಾಸನೆ ಹೋಗಿದೆ. ಹುಡುಗ ಖುಷಿಯಾಗಿ ಹೊರಟ.

ನಿನ್ನೆ ಫೋನ್ ಮಾಡಿದ್ದ. ಯಾವ ಮಿಲ್ಲಿನ ಬಟ್ಟೆ, ನೇಯ್ದವರು ಯಾರು ಅಂತ ಕಂಪನಿಗೆ ಪತ್ರ ಬರೆದಿದ್ದಾನಂತೆ. ಉತ್ತರ ಇನ್ನೂ ಬಂದಿಲ್ಲ. ಬರದಿದ್ದರೆ ಮತ್ತೆ ಬರೆಯುತ್ತಾನಂತೆ. ಬರೆಯಲಿ. ನಾನು ಈ ಭಾನುವಾರ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವರ ಜೊತೆ ಕೆಲಸ ಮಾಡಿದವರ ಮನೆಗಳಿಗೆ ಹೋಗುತ್ತೇನೆ. ಯಾರು ಯಾವ ಖಾತೆಯಲ್ಲಿದ್ದರು, ಏನೇನು ನೇಯ್ದರು ಅಂತ ಹೆಸರು ಸಮೇತ ಬರೆದಿಟ್ಟುಕೊಳ್ಳಬೇಕು. ನೋಟ್‌ಬುಕ್ ತಂದಿದ್ದೇನೆ. ಮೊದಲು ಯಾರ ಮನೆಗೆ ಅಂತ ಅಪ್ಪ ಈಗಾಗಲೇ ಹೇಳಿದ್ದಾರೆ.